ಬಾಲ್ಕನಿಯ ಸ್ಲೈಡಿಂಗ್ ಗ್ಲಾಸ್ ಬಾಗಿಲು ಜರುಗುತ್ತಿಲ್ಲವೇ? ಎಣ್ಣೆ ಡಬ್ಬಿ ಪಕ್ಕಕ್ಕಿಡಿ, ಈ ಕ್ರಮದಲ್ಲಿ ಸರಿಮಾಡಿ

"ಎಣ್ಣೆ ಬಿಟ್ಟೆ, ಎರಡು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ ಬಿಗಿಯಾಯ್ತು."

ಬಾಲ್ಕನಿ ಬಾಗಿಲ ವಿಷಯ ಬಂದಾಗಲೆಲ್ಲ ನನ್ನ ಕಿವಿಗೆ ಬೀಳುವ ಮಾತು ಇದೇ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಕೇಳಿದ್ದೇನೆ, ನೆಂಟರ ಮನೆಗಳಲ್ಲೂ ಕೇಳಿದ್ದೇನೆ. ನಮ್ಮ ಮನೆಯಲ್ಲೂ ಮೊದಲ ಸಲ ಹಾಗೇ ಆಯಿತು. ಅಮ್ಮ ಟ್ರ್ಯಾಕ್‌ಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಒಂದು ತಿಂಗಳ ಮೇಲೆ ಬೆರಳಾಡಿಸಿ ನೋಡಿದೆ. ಕಾಡಿಗೆಯ ಹಾಗೆ ಕಪ್ಪಗೆ, ಜಿಗುಟಾದ ಅಂಟು. ಅದರೊಳಗೆ ಮರಳು, ಕೂದಲು, ಪಾರಿವಾಳದ ಪುಕ್ಕದ ಎಳೆ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲು ಕಾರಣ ಹುಡುಕಬೇಕು, ಆಮೇಲೆ ಕ್ಲೀನ್ ಮಾಡಬೇಕು, ಆಮೇಲೆ ಎತ್ತರ ಸರಿಮಾಡಬೇಕು, ಆಮೇಲೆ ಬೇರಿಂಗ್ (ಕೆಳಗಿನ ಚಕ್ರ) ನೋಡಬೇಕು. ಸ್ಪ್ರೇ ಹೊಡೆಯುವುದು ಎಲ್ಲಕ್ಕಿಂತ ಕೊನೆಗೆ. ಈ ಸಾಲು ತಪ್ಪಿದರೆ ಕೆಲಸ ಎರಡೆರಡು ಸಲ ಮಾಡಬೇಕಾಗುತ್ತದೆ.

ಇಲ್ಲಿ ಹೇಳಿರುವುದು ನಮ್ಮ ಅಪಾರ್ಟ್‌ಮೆಂಟ್ ಮತ್ತು ಮನೆಗಳಲ್ಲಿ ಸಾಮಾನ್ಯವಾಗಿರುವ ಅಲ್ಯೂಮಿನಿಯಂ ಅಥವಾ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಗಿಲಿಗೆ. ಅಂದರೆ ಕೆಳಗಿನ ಹಳಿಯ ಮೇಲೆ ಚಕ್ರದಲ್ಲಿ ಓಡುವ ಬಾಗಿಲು. ಮೇಲಿನಿಂದ ನೇತುಹಾಕಿದ ಬಾಗಿಲಾದರೆ ಈ ವಿಧಾನ ಹೊಂದುವುದಿಲ್ಲ.

ಮೊದಲು ನಾಲ್ಕು ಹೆಸರು ತಿಳಿದಿರಲಿ

ಅಂಗಡಿಗೆ ಹೋದಾಗ ಈ ಪದಗಳು ಬೇಕಾಗುತ್ತವೆ. ಜರುಗುವ ಗಾಜಿನ ಭಾಗಕ್ಕೆ ಕೆಲಸದವರು 'ಶಟರ್' ಅಂತಾರೆ. ಕೆಳಗಿನ ಚಕ್ರಕ್ಕೆ 'ಬೇರಿಂಗ್' ಅಂತಾರೆ. ಒಂದು ಶಟರ್‌ಗೆ ಸಾಮಾನ್ಯವಾಗಿ ಎರಡು ಬೇರಿಂಗ್, ಕೆಳಗಡೆ ಈ ತುದಿಗೊಂದು ಆ ತುದಿಗೊಂದು. ಎರಡು ಶಟರ್ ಮುಚ್ಚಿದಾಗ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಭಾಗ 'ಇಂಟರ್‌ಲಾಕ್'. ಅಂಚಿನಲ್ಲಿ ಗಾಳಿ, ಧೂಳು ತಡೆಯಲು ಹಾಕಿರುವ ಬ್ರಷ್‌ನಂಥ ಪಟ್ಟಿ 'ಊಲ್ ಪೈಲ್'.

ನಿಮ್ಮ ಬಾಗಿಲು ಟೂ ಟ್ರ್ಯಾಕಾ, ತ್ರೀ ಟ್ರ್ಯಾಕಾ ಅಂತಲೂ ನೋಡಿಕೊಳ್ಳಿ. ಮೂರನೆಯ ಟ್ರ್ಯಾಕ್ ಸಾಮಾನ್ಯವಾಗಿ ಸೊಳ್ಳೆ ಜಾಲರಿಗೆ. ಬಿಗಿಯಾಗಿರುವುದು ಗಾಜಿನ ಶಟರ್ ಅಂದುಕೊಂಡಿರುತ್ತೇವೆ, ನೋಡಿದರೆ ಜಾಲರಿಯ ಶಟರ್ ಅದಕ್ಕೆ ಉಜ್ಜುತ್ತಿರುತ್ತದೆ.

ಬೇಕಾಗುವ ಸಾಮಾನು

ಉದ್ದನೆಯ ಸ್ಟಾರ್ ಸ್ಕ್ರೂಡ್ರೈವರ್, ಒಂದು ಚಪ್ಪಟೆ ಸ್ಕ್ರೂಡ್ರೈವರ್, ನೋಸ್ ಪ್ಲೇಯರ್, ಟಾರ್ಚ್, ಅಳತೆ ಟೇಪು. ಕ್ಲೀನ್ ಮಾಡಲು ಹಳೇ ಹಲ್ಲುಜ್ಜುವ ಬ್ರಷ್, ಒಂದು ಇಂಚಿನ ಪೇಂಟ್ ಬ್ರಷ್, ಐಸ್‌ಕ್ರೀಂ ಕಡ್ಡಿ, ಹಳೇ ಬನಿಯನ್ ಬಟ್ಟೆ, ಪಾತ್ರೆ ತೊಳೆಯುವ ಲಿಕ್ವಿಡ್. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಚೂಪು ಮೂತಿ ಬಹಳ ಉಪಯೋಗಕ್ಕೆ ಬರುತ್ತದೆ. ಕೊನೆಗೆ ಒಂದು ಸಿಲಿಕೋನ್ ಸ್ಪ್ರೇ.

ಶಟರ್ ಬಿಚ್ಚುವುದಾದರೆ ಇನ್ನೂ ಮೂರು ಬೇಕು: ದಪ್ಪ ಕೈಗವಸು, ಹಳೇ ಕಂಬಳಿ, ಮತ್ತು ಇನ್ನೊಬ್ಬರು. ಈ ಮೂರನೆಯದನ್ನು ಬಿಟ್ಟು ಯಾರೂ ಶುರು ಮಾಡಬೇಡಿ.

ಹಂತ 1: ಕಿವಿ ಕೊಡಿ, ಕಾರಣ ಹಿಡಿಯಿರಿ

ಈ ಹಂತಕ್ಕೆ ಹತ್ತು ನಿಮಿಷ ಸಾಕು. ಆದರೆ ಇದನ್ನು ಬಿಟ್ಟವರೇ ಜಾಸ್ತಿ. ಟಿವಿ, ಫ್ಯಾನ್ ಆರಿಸಿ. ಬಾಗಿಲನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಳ್ಳಿ, ಸದ್ದು ಕೇಳಿ.

ಉದ್ದಕ್ಕೂ ಕರಕರ ಸದ್ದು ಬಂದರೆ ಟ್ರ್ಯಾಕ್‌ನಲ್ಲಿ ಮಣ್ಣು, ಮರಳು ಇದೆ. ಎಷ್ಟೋ ಬಾಗಿಲಿನ ಕಥೆ ಇಲ್ಲಿಗೇ ಮುಗಿಯುತ್ತದೆ.

ಪ್ರತಿ ಸಲವೂ ಒಂದೇ ಜಾಗದಲ್ಲಿ ಎಡವಿ ಮುಂದೆ ಹೋಗುತ್ತದೆಯೇ? ಅಲ್ಲಿ ಹಳಿ ನೆಗ್ಗಿದೆ, ಅಥವಾ ಸಿಮೆಂಟ್, ಪುಟ್ಟಿ ಮೆತ್ತಿಕೊಂಡಿದೆ. ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಒಂದೇ ಅಂತರಕ್ಕೆ ಟಕ್... ಟಕ್... ಅಂತ ಬರುತ್ತಿದ್ದರೆ ತೊಂದರೆ ಚಕ್ರದ್ದು. ಲೆಕ್ಕ ಸುಲಭ. 25 ಮಿ.ಮೀ. ವ್ಯಾಸದ ಚಕ್ರ ಒಂದು ಸುತ್ತು ಹಾಕಿದರೆ ಸುಮಾರು 78 ಮಿ.ಮೀ., ಅಂದರೆ ಮೂರು ಇಂಚು ಹೋಗುತ್ತದೆ. ಮೂರು ಇಂಚಿಗೊಮ್ಮೆ ಟಕ್ ಅಂದರೆ ಚಕ್ರದ ಒಂದು ಕಡೆ ಸವೆದು ಚಪ್ಪಟೆಯಾಗಿದೆ ಅಂತ ತಿಳಿಯಿರಿ. ಇದಕ್ಕೆ ಎಷ್ಟು ಸ್ಪ್ರೇ ಹೊಡೆದರೂ ಪ್ರಯೋಜನವಿಲ್ಲ, ಬೇರಿಂಗ್ ಬದಲಿಸಬೇಕು.

ಸದ್ದೇನೂ ಇಲ್ಲ, ಆದರೆ ಉದ್ದಕ್ಕೂ ಭಾರ. ಇದು ಎತ್ತರದ ತೊಂದರೆ. ಶಟರ್ ಕೆಳಗಿಳಿದು ಅದರ ತಳ ಹಳಿಗೆ ಉಜ್ಜುತ್ತಿರುತ್ತದೆ. ಟಾರ್ಚ್ ಹಿಡಿದು ಹಳಿಯನ್ನು ನೋಡಿ, ಹೊಸದಾಗಿ ಹೊಳೆಯುವ ಗೀರು ಕಾಣುತ್ತದೆ. ಕಪ್ಪು ಅಥವಾ ಬೂದು ಪುಡಿ ಬಿದ್ದಿದ್ದರೂ ಅದೇ ಸೂಚನೆ.

ಯುಪಿವಿಸಿ ಬಾಗಿಲು ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಬಿಗಿಯಾಗುವುದುಂಟು. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಾದರೆ ಇನ್ನೂ ಜಾಸ್ತಿ. ಯುಪಿವಿಸಿ ಬಿಸಿಲಿಗೆ ಅಲ್ಯೂಮಿನಿಯಂಗಿಂತ ಹೆಚ್ಚು ಹಿಗ್ಗುತ್ತದೆ. ಅಂಥ ಬಾಗಿಲನ್ನು ಬೆಳಗಿನ ತಂಪಿನಲ್ಲಿ ಮೇಲಿನ ಸಂದು ಇಲ್ಲದ ಹಾಗೆ ಹೊಂದಿಸಿದರೆ ಮಧ್ಯಾಹ್ನ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು ಅಳತೆ ತಪ್ಪದೆ ತೆಗೆದುಕೊಳ್ಳಿ. ಫ್ರೇಮಿನ ಒಳಗೆ, ಮೇಲಿನಿಂದ ಕೆಳಕ್ಕೆ, ಎಡ ತುದಿ, ನಡು, ಬಲ ತುದಿ ಹೀಗೆ ಮೂರು ಕಡೆ ಟೇಪು ಹಿಡಿಯಿರಿ. ಮೂರೂ ಹೆಚ್ಚು ಕಡಿಮೆ ಒಂದೇ ಬರಬೇಕು. ನಡುವಿನ ಅಳತೆ ನಾಲ್ಕೈದು ಮಿ.ಮೀ. ಕಡಿಮೆ ಬಂದರೆ ಮೇಲಿನ ಫ್ರೇಮ್ ಕೆಳಗೆ ಬಾಗಿದೆ. ಜೊತೆಗೆ ಬಾಗಿಲ ಮೂಲೆಯಿಂದ ಗೋಡೆಯ ಮೇಲೆ ಓರೆಯಾಗಿ ಬಿರುಕು ಹೋಗಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ. ಅದು ಬಾಗಿಲಿನ ರಿಪೇರಿ ಅಲ್ಲ, ಸಿವಿಲ್ ಇಂಜಿನಿಯರ್ ನೋಡಬೇಕಾದ ವಿಷಯ.

ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಶಟರ್ ಎತ್ತಬೇಡಿ.

ಹಂತ 2: ಟ್ರ್ಯಾಕನ್ನು ಒಣಗಿದಂತೆಯೇ ಕ್ಲೀನ್ ಮಾಡಿ, ನೀರು ಆಮೇಲೆ

ಮೊದಲೇ ನೀರು ಸುರಿಯುವುದು ದೊಡ್ಡ ತಪ್ಪು. ಒಣ ಧೂಳು ಕೆಸರಾಗಿ ಮೂಲೆಗೆ ಹೋಗಿ ಕೂರುತ್ತದೆ, ನೀರು ಹೋಗುವ ತೂತು ಮುಚ್ಚಿಬಿಡುತ್ತದೆ.

ಬಾಗಿಲನ್ನು ಒಂದು ಬದಿಗೆ ಪೂರ್ತಿ ಸರಿಸಿ. ತೆರೆದ ಕಡೆ ಪೇಂಟ್ ಬ್ರಷ್‌ನಿಂದ ಧೂಳು ಎಬ್ಬಿಸುತ್ತಾ ವ್ಯಾಕ್ಯೂಮ್ ಹಿಡಿಯಿರಿ. ಪಾರಿವಾಳದ ಹಿಕ್ಕೆ ಇದ್ದರೆ ಮಾತ್ರ ಒಣಗಿದ್ದಾಗ ಕೆದಕಬೇಡಿ. ಅದರ ಪುಡಿ ಉಸಿರಿಗೆ ಹೋಗುವುದು ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಅಷ್ಟು ಜಾಗವನ್ನು ಮಾತ್ರ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಿರಿ.

ಒಣ ಕಸ ಹೋದ ಮೇಲೆ ಉಗುರು ಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ಲಿಕ್ವಿಡ್ ಹಾಕಿ, ಹಲ್ಲುಜ್ಜುವ ಬ್ರಷ್‌ನಿಂದ ಹಳಿಯ ಎರಡೂ ಬದಿ ಉಜ್ಜಿ. ಮೂಲೆಗಳಿಗೆ ಐಸ್‌ಕ್ರೀಂ ಕಡ್ಡಿಗೆ ಬಟ್ಟೆ ಸುತ್ತಿ ಎಳೆಯಿರಿ. ಹಳೇ ಎಣ್ಣೆಯ ಅಂಟು ಒಂದೇ ಸಲಕ್ಕೆ ಬಿಡುವುದಿಲ್ಲ. ಎರಡು ಮೂರು ಸಲ ಮಾಡಬೇಕು. ಬಿಳಿ ಬಟ್ಟೆ ಎಳೆದಾಗ ಕಪ್ಪು ಬರುವುದು ನಿಲ್ಲುವವರೆಗೆ ಬಿಡಬೇಡಿ. ಆಮೇಲೆ ಬಾಗಿಲನ್ನು ಆ ಕಡೆಗೆ ಸರಿಸಿ ಉಳಿದ ಅರ್ಧ ಮಾಡಿ. ಮೇಲಿನ ಟ್ರ್ಯಾಕನ್ನೂ ಒರೆಸಿ. ಜೇಡರ ಬಲೆ, ಕಣಜದ ಮಣ್ಣಿನ ಗೂಡು ಅಲ್ಲಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪೇಂಟಿಂಗ್ ಆದ ಮನೆಯಲ್ಲಿ ಪುಟ್ಟಿ, ಪೇಂಟ್ ಹನಿ ಗಟ್ಟಿಯಾಗಿರುತ್ತದೆ. ಅದನ್ನು ಕಬ್ಬಿಣದ ಉಳಿಯಿಂದ ಕೆತ್ತಿದರೆ ಹಳಿಗೆ ಗೀರು ಬಿದ್ದು ಹೊಸ ತೊಂದರೆ ಶುರುವಾಗುತ್ತದೆ. ಒದ್ದೆ ಬಟ್ಟೆ ಅರ್ಧ ಗಂಟೆ ಹಾಕಿಟ್ಟು, ಪ್ಲಾಸ್ಟಿಕ್ ಸ್ಕೇಲ್ ಅಥವಾ ಮರದ ಚೂರಿನಿಂದ ಎಬ್ಬಿಸಿ.

ಟಾಯ್ಲೆಟ್ ಕ್ಲೀನರ್, ಆಸಿಡ್ ಬೇಡವೇ ಬೇಡ. ಆಸಿಡ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಮೇಲಿನ ಪಾಲಿಶ್ ಹೋಗಿ ಹಳಿ ಒರಟಾಗುತ್ತದೆ. ಯುಪಿವಿಸಿಗೆ ಥಿನ್ನರ್ ತಾಗಿಸಬಾರದು. ಮೇಲ್ಮೈ ಮೆತ್ತಗಾಗಿ ಕಲೆ ಉಳಿಯುತ್ತದೆ.

ಕೊನೆಗೆ ಒಂದು ಪರೀಕ್ಷೆ. ಟ್ರ್ಯಾಕ್‌ನಲ್ಲಿ ಒಂದು ಲೋಟ ನೀರು ಸುರಿಯಿರಿ. ಹೊರಬದಿಯ ತೂತಿನಿಂದ ಅದು ಬಾಲ್ಕನಿಗೆ ಹರಿದುಹೋಗಬೇಕು. ನಿಂತರೆ ತೂತು ಮುಚ್ಚಿದೆ. ಕಡ್ಡಿ ಹಾಕಿ ಬಿಡಿಸಿ. ಮಳೆಗಾಲದಲ್ಲಿ ಹಾಲ್‌ಗೆ ನೀರು ಬರುತ್ತದೆ ಅನ್ನುವವರು ಸಂದಿಗೆ ಸಿಲಿಕೋನ್ ಅಂಟು ಹಚ್ಚಿಸುವ ಮೊದಲು ಈ ತೂತು ನೋಡಿ. ಕೆಲವರು ಇರುವೆ ಬರುತ್ತದೆಂದು ಇದನ್ನೇ ಸಿಮೆಂಟ್‌ನಿಂದ ಮುಚ್ಚಿಸಿರುತ್ತಾರೆ!

ಈಗ ಬಾಗಿಲನ್ನು ಮತ್ತೆ ತಳ್ಳಿ ನೋಡಿ. ಎರಡು ಬೆರಳಿಗೆ ಜರುಗಿದರೆ ಸೀದಾ ಹಂತ 6ಕ್ಕೆ ಹೋಗಿ. ಸುಮ್ನೆ ಶಟರ್ ಬಿಚ್ಚಬೇಡಿ.

ಹಂತ 3: ಬಿಚ್ಚದೆಯೇ ಎತ್ತರ ಸರಿಮಾಡಲು ನೋಡಿ

ಶಟರ್‌ನ ಕೆಳಮೂಲೆಯಲ್ಲಿ, ಪಕ್ಕದ ಅಂಚಿನಲ್ಲಿ ಅಥವಾ ಮುಖದ ಮೇಲೆ, ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಇದೆಯೇ ನೋಡಿ. ಅದನ್ನು ತೆಗೆದರೆ ಒಳಗೆ ಸ್ಕ್ರೂ ಕಾಣುತ್ತದೆ. ಚಕ್ರವನ್ನು ಮೇಲೆ ಕೆಳಗೆ ಮಾಡುವ ಸ್ಕ್ರೂ ಅದು. ಸಾಮಾನ್ಯವಾಗಿ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಾಗಿಲು ಏರುತ್ತದೆ. ಹಳೇ ಅಲ್ಯೂಮಿನಿಯಂ ಬಾಗಿಲುಗಳಲ್ಲಿ ಈ ಸೌಲಭ್ಯ ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ಹಂತ 4.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಬಾಗಿಲಿನ ಪೂರ್ತಿ ಭಾರ ಚಕ್ರದ ಮೇಲಿರುವಾಗಲೇ ಸ್ಕ್ರೂ ತಿರುಗಿಸುವುದು. ಸ್ಕ್ರೂ ತಲೆ ಸವೆದು ಹೋಗುತ್ತದೆ, ಆಮೇಲೆ ಯಾವ ಸ್ಕ್ರೂಡ್ರೈವರೂ ಹಿಡಿಯುವುದಿಲ್ಲ. ಇನ್ನೊಬ್ಬರು ಆ ಮೂಲೆಯನ್ನು ಸ್ವಲ್ಪ ಎತ್ತಿ ಹಿಡಿಯಲಿ. ಅಥವಾ ತೆಳು ಮರದ ಬೆಣೆಯನ್ನು ಶಟರ್ ಅಡಿ ಕೊಟ್ಟು ಭಾರ ಇಳಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ತಿರುಗಿಸಿ, ತಳ್ಳಿ ನೋಡಿ, ಮತ್ತೆ ತಿರುಗಿಸಿ.

ಯಾವ ಕಡೆ ಏರಿಸಬೇಕು? ಬಾಗಿಲನ್ನು ಪಕ್ಕದ ಫ್ರೇಮ್‌ಗೆ ಒಂದು ಬೆರಳಿನಷ್ಟು ಹತ್ತಿರ ತಂದು ನಿಲ್ಲಿಸಿ. ಸಂದಿನ ಅಗಲ ಮೇಲೆ, ಕೆಳಗೆ ನೋಡಿ. ಕೆಳಗಿನ ಸಂದು ಜಾಸ್ತಿ ಇದ್ದರೆ ಫ್ರೇಮ್ ಕಡೆಯ ಚಕ್ರ ಕುಸಿದಿದೆ, ಅದನ್ನು ಏರಿಸಿ. ಮೇಲಿನ ಸಂದು ಜಾಸ್ತಿ ಇದ್ದರೆ ಆಚೆ ತುದಿಯ, ಅಂದರೆ ಇಂಟರ್‌ಲಾಕ್ ಕಡೆಯ ಚಕ್ರವನ್ನು ಏರಿಸಿ. ಮೇಲಿನಿಂದ ಕೆಳವರೆಗೆ ಸಂದು ಒಂದೇ ಸಮ ಬಂದರೆ ಶಟರ್ ನೆಟ್ಟಗಾಯಿತು.

ಉತ್ಸಾಹದಲ್ಲಿ ಪೂರ್ತಿ ಏರಿಸಬೇಡಿ. ಮೇಲಿನ ಅಂಚು ಟ್ರ್ಯಾಕ್‌ಗೆ ತಾಗಿ ಅಲ್ಲಿ ಉಜ್ಜಲು ಶುರುವಾಗುತ್ತದೆ. ತಳ ಹಳಿಯಿಂದ ಎರಡು ಮೂರು ಮಿ.ಮೀ. ಬಿಟ್ಟಿದ್ದರೆ ಸಾಕು. ಸ್ಕ್ರೂ ತಿರುಗುತ್ತಲೇ ಇದೆ, ಬಾಗಿಲು ಅಲುಗುತ್ತಿಲ್ಲ ಅಂದರೆ ಬೇರಿಂಗ್‌ನ ಗೂಡೇ ಮುರಿದಿದೆ.

ಹಂತ 4: ಶಟರ್ ಹೊರತೆಗೆಯುವುದು

ಭಾರದ ಅಂದಾಜು ಮೊದಲೇ ಇರಲಿ. ಗಾಜು ಒಂದು ಚದರ ಮೀಟರ್‌ಗೆ, ಒಂದು ಮಿ.ಮೀ. ದಪ್ಪಕ್ಕೆ 2.5 ಕಿಲೋ ತೂಗುತ್ತದೆ. 3 ಅಡಿ ಅಗಲ, 7 ಅಡಿ ಎತ್ತರದ ಶಟರ್‌ನಲ್ಲಿ 5 ಮಿ.ಮೀ. ಗಾಜಿದ್ದರೆ ಗಾಜೇ ಸುಮಾರು 24 ಕಿಲೋ. 8 ಮಿ.ಮೀ. ಆದರೆ 39 ಕಿಲೋ. ಇದರ ಮೇಲೆ ಫ್ರೇಮಿನ ತೂಕ. ಒಂದು ಅಕ್ಕಿ ಮೂಟೆಯನ್ನು ಆಳೆತ್ತರಕ್ಕೆ ನಿಲ್ಲಿಸಿ ಹಿಡಿದ ಹಾಗೆ. ಎರಡು ಜನಕ್ಕೂ ಕಷ್ಟ ಅನ್ನಿಸಿದರೆ ಕೆಲಸದವರನ್ನು ಕರೆಯಿರಿ.

ಮಕ್ಕಳು, ನಾಯಿ ಬೆಕ್ಕು ಬೇರೆ ರೂಮಿನಲ್ಲಿರಲಿ. ಕಾಲಿಗೆ ಶೂ ಇರಲಿ. ಗಾಳಿ ಬೀಸುವ ಹೊತ್ತು ಬೇಡ. ಶಟರನ್ನು ಮನೆಯ ಒಳಗಿನಿಂದಲೇ ತೆಗೆಯಿರಿ, ಬಾಲ್ಕನಿಯ ಕಡೆಗೆ ಬೇಡ. ಐದನೇ ಮಹಡಿಯಿಂದ ಗಾಜು ಕೆಳಗೆ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಮೇಲಿನ ಟ್ರ್ಯಾಕ್‌ನಲ್ಲಿ ಚಿಕ್ಕ ಪ್ಲಾಸ್ಟಿಕ್ ತುಂಡುಗಳಿದ್ದರೆ ಅವುಗಳ ಸ್ಕ್ರೂ ಬಿಚ್ಚಿ ತೆಗೆಯಿರಿ. ಹೊರಗಿನಿಂದ ಯಾರೂ ಬಾಗಿಲು ಎತ್ತಿ ತೆಗೆಯದ ಹಾಗೆ ಹಾಕಿರುತ್ತಾರೆ. ಇವನ್ನು ಗಮನಿಸದೆ ಶಟರನ್ನು ಬಲವಾಗಿ ಮೇಲಕ್ಕೆ ಗುದ್ದುವವರಿದ್ದಾರೆ. ಗಾಜು ಒಡೆಯುವುದು ಹೀಗೆಯೇ. ಎತ್ತರದ ಸ್ಕ್ರೂ ಇದ್ದರೆ ಉಲ್ಟಾ ತಿರುಗಿಸಿ ಚಕ್ರವನ್ನು ಪೂರ್ತಿ ಒಳಗೆ ಎಳೆದುಕೊಳ್ಳಿ, ಎತ್ತಲು ಜಾಗ ಸಿಗುತ್ತದೆ.

ಮನೆಯ ಒಳಬದಿಯ ಟ್ರ್ಯಾಕ್‌ನಲ್ಲಿರುವ ಶಟರ್ ಮೊದಲು. ಇಂಟರ್‌ಲಾಕ್ ಬಿಡುವಂತೆ ಅದನ್ನು ಟ್ರ್ಯಾಕ್‌ನ ನಡುವಿಗೆ ತನ್ನಿ. ಇಬ್ಬರೂ ಎರಡು ಬದಿಯ ಫ್ರೇಮ್ ಹಿಡಿದು, ಒಟ್ಟಿಗೆ, ನೆಟ್ಟಗೆ ಮೇಲಕ್ಕೆ ಎತ್ತಿ. ಚಕ್ರ ಹಳಿ ದಾಟಿದಾಗ ಕೆಳಭಾಗವನ್ನು ನಿಮ್ಮ ಕಡೆಗೆ ಎಳೆದು, ನಿಧಾನವಾಗಿ ಇಳಿಸಿ. ನೆಲಕ್ಕೆ ಕಂಬಳಿ ಮೊದಲೇ ಹಾಸಿರಬೇಕು. ಟಫನ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಿನ ಮುಖಕ್ಕೆ ಪೆಟ್ಟು ತಡೆಯುವ ಶಕ್ತಿ ಇದೆ, ಅಂಚಿಗೆ ಇಲ್ಲ. ಅಂಚು ಟೈಲ್ಸ್‌ಗೆ ತಗುಲಿದರೆ ಇಡೀ ಹಾಳೆ ಕಾಳಾಗಿ ಉದುರುತ್ತದೆ.

ಹಂತ 5: ಬೇರಿಂಗ್ ಮತ್ತು ಹಳಿ

ಚಕ್ರವನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು, ಅಕ್ಕಪಕ್ಕಕ್ಕೆ ಅಲ್ಲಾಡಬಾರದು. ಸಮೀಪದಿಂದ ನೋಡಿ: ಅಚ್ಚಿನ ಸುತ್ತ ಉದ್ದ ಕೂದಲು ದಾರದುಂಡೆಯ ಹಾಗೆ ಸುತ್ತಿಕೊಂಡಿರುತ್ತದೆ. ನಮ್ಮ ಬಾಗಿಲಲ್ಲಿ ಚಕ್ರ ತಿರುಗದೆ, ಸುಮ್ಮನೆ ಹಳಿಯ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಕಾರಣ ಇದೇ. ಬ್ಲೇಡಿನಿಂದ ಕತ್ತರಿಸಿ, ನೋಸ್ ಪ್ಲೇಯರ್‌ನಲ್ಲಿ ಎಳೆದರೆ ಬರುತ್ತದೆ.

ಚಕ್ರ ಚಪ್ಪಟೆಯಾಗಿದ್ದರೆ, ಸೀಳಿದ್ದರೆ, ತುಕ್ಕು ಹಿಡಿದಿದ್ದರೆ ಬದಲಿಸಿ. ಕೆಲವು ಬೇರಿಂಗ್‌ಗೆ ಒಂದು ಸ್ಕ್ರೂ ಇರುತ್ತದೆ, ಕೆಲವನ್ನು ಒತ್ತಿ ಕೂರಿಸಿರುತ್ತಾರೆ. ಬರುತ್ತಿಲ್ಲವೆಂದು ಶಟರ್ ಮೂಲೆಯ ಸ್ಕ್ರೂ ಬಿಚ್ಚಬೇಡಿ. ಫ್ರೇಮ್ ಸಡಿಲವಾಗಿ ಗಾಜೇ ಜಾರುತ್ತದೆ. ಅಂಥದ್ದನ್ನು ಅಲ್ಯೂಮಿನಿಯಂ ಕೆಲಸದವರಿಗೆ ಬಿಡಿ.

ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಫೋಟೋ ಸಾಲದು. ಮಾಮೂಲಿ ಹಾರ್ಡ್‌ವೇರ್ ಅಂಗಡಿಗಿಂತ ಅಲ್ಯೂಮಿನಿಯಂ ಸೆಕ್ಷನ್ ಮಾರುವ ಅಂಗಡಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಚಕ್ರದ ವ್ಯಾಸ, ಅದರ ನಡುವಿನ ತೋಡಿನ ಆಕಾರ, ಗೂಡಿನ ಎತ್ತರ ಮತ್ತು ಅಗಲ, ಸ್ಕ್ರೂ ಜಾಗ, ಎಲ್ಲ ಹೊಂದಬೇಕು. ಎರಡು ಮಿ.ಮೀ. ವ್ಯತ್ಯಾಸ ಬಂದರೂ ಬಾಗಿಲು ಮೇಲೆ ಸಿಕ್ಕಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸತು ಒಂದು ಹಳತಾದರೆ ಶಟರ್ ವಾಲುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಭಾಗಗಳಿರುವುದನ್ನೇ ಕೇಳಿ.

ಶಟರ್ ಹೊರಗಿರುವಾಗಲೇ ಹಳಿಯ ಉದ್ದಕ್ಕೂ ಬೆರಳಾಡಿಸಿ. ಪೆನ್ಸಿಲ್ ಗುರುತಿನ ಜಾಗದಲ್ಲಿ ಸ್ವಲ್ಪ ಬಾಗಿದ್ದರೆ ಒಂದು ಬದಿಗೆ ಮರದ ತುಂಡು ಒತ್ತಿಟ್ಟು, ಇನ್ನೊಂದು ಬದಿಯಿಂದ ಮರದ ತುಂಡಿನ ಮೂಲಕವೇ ಮೆಲ್ಲಗೆ ತಟ್ಟಿ. ಸುತ್ತಿಗೆ ನೇರವಾಗಿ ತಾಗಬಾರದು. ಚಿಕ್ಕ ಏರುಪೇರನ್ನು 400 ನಂಬರಿನ ಉಪ್ಪುಕಾಗದದಿಂದ ತಿಕ್ಕಿ, ಪುಡಿಯನ್ನು ಪೂರ್ತಿ ಒರೆಸಿ. ಹಳಿ ಉದ್ದಕ್ಕೂ ಸವೆದಿದ್ದರೆ ಅದರ ಮೇಲೆ ಕೂರಿಸುವ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಸಿಗುತ್ತದೆ. ಅದರಿಂದ ಎತ್ತರವೂ ಸ್ವಲ್ಪ ಏರುತ್ತದೆ ಎನ್ನುವುದು ನೆನಪಿರಲಿ.

ಮತ್ತೆ ಕೂರಿಸುವಾಗ ಮೇಲಿನ ಅಂಚು ಮೊದಲು ಟ್ರ್ಯಾಕ್ ಒಳಗೆ, ಆಮೇಲೆ ತಳ ಹಳಿಯ ಮೇಲೆ. ಬೆರಳು ಶಟರ್ ಅಡಿಯಲ್ಲಿ ಇಡಬೇಡಿ. ಹಂತ 3ರ ಪ್ರಕಾರ ಸಂದು ಸಮ ಮಾಡಿ. ಮೇಲಿನ ಪ್ಲಾಸ್ಟಿಕ್ ತುಂಡುಗಳನ್ನು ಮರೆಯದೆ ಹಾಕಿ. ಹಾಕಿದ ಮೇಲೆ ಶಟರನ್ನು ಎತ್ತಿ ನೋಡಿ, ಹಳಿಯಿಂದ ಹೊರಬರಬಾರದು. ಎತ್ತರ ಬದಲಾದ್ದರಿಂದ ಲಾಕ್ ಕೊಕ್ಕೆ ಹಿಡಿಯದೆ ಹೋಗಬಹುದು. ಎದುರಿನ ಪಟ್ಟಿಯ ಸ್ಕ್ರೂ ಸಡಿಲಿಸಿ ಒಂದೆರಡು ಮಿ.ಮೀ. ಸರಿಸಿದರೆ ಸರಿಹೋಗುತ್ತದೆ.

ಹಂತ 6: ಈಗ ಸ್ಪ್ರೇ

ಟ್ರ್ಯಾಕ್ ಪೂರ್ತಿ ಒಣಗಿರಬೇಕು. ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಹಳಿಯ ಮೇಲೆ ತೆಳುವಾಗಿ ಒರೆಸಿ. ಚಕ್ರದ ಅಚ್ಚಿಗೆ ಕೊಳವೆಯಿಂದ ಒಂದು ಸಣ್ಣ ಚಿಮ್ಮು. ಬಾಗಿಲನ್ನು ಹತ್ತು ಸಲ ಓಡಿಸಿ, ಹೆಚ್ಚಾದದ್ದನ್ನು ಒರೆಸಿ. ಇಷ್ಟೇ. ನೆಲಕ್ಕೆ ಬೀಳದ ಹಾಗೆ ಪೇಪರ್ ಹಾಸಿ. ಟೈಲ್ಸ್ ಮೇಲೆ ಬಿದ್ದರೆ ಕಾಲು ಜಾರುವುದು ಖಂಡಿತ.

ಕೊಬ್ಬರಿ ಎಣ್ಣೆ, ಹೊಲಿಗೆ ಮೆಶಿನ್ ಎಣ್ಣೆ, ಗ್ರೀಸ್ ಯಾವುದೂ ಟ್ರ್ಯಾಕ್‌ಗೆ ಬೇಡ. ಮಾಮೂಲಿ ಡಬ್ಲ್ಯೂಡಿ-40 ಅಂಟು, ತುಕ್ಕು ಬಿಡಿಸಲು ಚೆನ್ನಾಗಿದೆ, ಆದರೆ ಬಹಳ ದಿನ ನಿಲ್ಲುವ ಜಾರುಗುಣ ಅದಕ್ಕಿಲ್ಲ. ಬಳಸಿದರೆ ಒರೆಸಿ ತೆಗೆದು, ಆಮೇಲೆ ಸಿಲಿಕೋನ್ ಹಾಕಿ.

ಮತ್ತೆ ಬಿಗಿಯಾಗದಿರಲು

ಟ್ರ್ಯಾಕ್‌ಗೆ ಕಸ ಮನೆಯೊಳಗಿನಿಂದಲೂ ಬರುತ್ತದೆ. ನೆಲ ಒರೆಸುವಾಗ ಮಾಪನ್ನು ಬಾಲ್ಕನಿ ಕಡೆಗೆ ತಳ್ಳುತ್ತೇವೆ. ಕೊಳೆ ನೀರೆಲ್ಲ ಹಳಿಯ ಪಕ್ಕಕ್ಕೆ ಇಳಿಯುತ್ತದೆ. ಕೊನೆಯ ಒಂದು ಅಡಿಯನ್ನು ಒಳಮುಖವಾಗಿ ಎಳೆದು ಒರೆಸಿ. ಮನೆ ಕೆಲಸಕ್ಕೆ ಬರುವವರಿಗೂ ಒಂದು ಸಲ ತೋರಿಸಿಕೊಡಿ. ಹೂಕುಂಡಗಳನ್ನು ಟ್ರ್ಯಾಕ್‌ನಿಂದ ಎರಡು ಅಡಿ ದೂರ ಇಡಿ.

ವಾರಕ್ಕೊಮ್ಮೆ ಒಣ ಬ್ರಷ್, ತಿಂಗಳಿಗೊಮ್ಮೆ ವ್ಯಾಕ್ಯೂಮ್. ಸಿಲಿಕೋನ್ ವರ್ಷಕ್ಕೆ ಎರಡು ಸಲ ಸಾಕು: ಮುಂಗಾರಿಗೆ ಮೊದಲು ಮೇ ಕೊನೆಯಲ್ಲಿ ಒಮ್ಮೆ, ದೀಪಾವಳಿ ಕ್ಲೀನಿಂಗ್ ಹೊತ್ತಿಗೆ ಇನ್ನೊಮ್ಮೆ. ಮೇ ತಿಂಗಳಲ್ಲಿ ಲೋಟ ನೀರಿನ ಪರೀಕ್ಷೆಯನ್ನೂ ಮಾಡಿ. ಊಲ್ ಪೈಲ್ ಉದುರಿ ಚಕ್ರಕ್ಕೆ ಸುತ್ತಿಕೊಳ್ಳುವ ಮೊದಲು ಬದಲಿಸಿ, ಅದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಪೇಂಟಿಂಗ್, ಟೈಲ್ಸ್ ಕೆಲಸ ಶುರುವಾಗುವ ಮುಂಚೆ ಟ್ರ್ಯಾಕ್ ಮೇಲೆ ಅಗಲ ಟೇಪು ಅಂಟಿಸಿ. ವಾಷಿಂಗ್ ಮೆಶಿನ್ ಬಾಲ್ಕನಿಗೆ ಸಾಗಿಸುವಾಗ ಹಳಿಯ ಎರಡೂ ಪಕ್ಕ ಮರದ ತುಂಡಿಟ್ಟು, ಅದರ ಮೇಲೆ ಹಲಗೆ ಹಾಕಿ ದಾಟಿಸಿ. ಕಾಲಿಡುವಾಗಲೂ ಹಳಿಯನ್ನು ತುಳಿಯದೆ ದಾಟುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಮೂರು ತಿಂಗಳೊಳಗೆ ಅದೇ ಮೂಲೆಯ ಚಕ್ರ ಮತ್ತೆ ಕುಸಿದರೆ ಹಂತ 1ರ ಮೂರು ಅಳತೆಗಳನ್ನು ಇನ್ನೊಮ್ಮೆ ತೆಗೆದು, ಹಳೆಯದರ ಪಕ್ಕ ಬರೆದಿಡಿ. ಅಂಕಿ ಬದಲಾಗಿದ್ದರೆ ಫ್ರೇಮ್ ಇನ್ನೂ ಇಳಿಯುತ್ತಿದೆ. ಇಂಜಿನಿಯರ್ ಬಂದಾಗ ಆ ಚೀಟಿಯನ್ನು ಅವರ ಕೈಗೆ ಕೊಡಿ.